ಟರ್ಕಿ ಟವೆಲ್ಲು

ಟರ್ಕಿ ಟವೆಲ್ಲಿನಿಂದಲೇ ಶುರು ಮಾಡುತ್ತೇನೆ. ನನಗೆ ದ್ರೋಹವಾಗಿದೆ ಎಂದು ಮೊದಲು ತಿಳಿಸಿದ್ದು ಮನುಷ್ಯರಲ್ಲ, ಆ ಟವೆಲ್ಲು.

ನನ್ನ ಅಣ್ಣನ ಮಗಳು ಡಾಕ್ಟರಿಕೆ ಓದಲು ಆರ್ಮೇನಿಯಾಕ್ಕೆ ಹೊರಟಾಗ ಆ ದೇಶ ಎಲ್ಲಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಸೀಟು ಸಿಗಲಿಲ್ಲ, ಅಲ್ಲಿ ಸಿಕ್ಕಿತು, ಹೋದಳು. ಯೆರೆವಾನ್ ಎಂಬ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ರೂಮು ಹಿಡಿದಳು. ನಾನು ಶಿವಮೊಗ್ಗದ ವಿದ್ಯಾನಗರದ ಮನೆಯಿಂದ ಭದ್ರಾವತಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡಿ ಕನ್ನಡ ಕಲಿಸಿ, ನಿವೃತ್ತಳಾದವಳು. ಹೊತ್ತು ಹೋಗದೆ ದಿನಾ ಹುಡುಗಿಗೆ ವಿಡಿಯೊ ಕಾಲ್ ಮಾಡುತ್ತಿದ್ದೆ. ಒಂದು ದಿನ ಫೋನಿನಲ್ಲಿ ಅವಳ ಪಕ್ಕ ಆ ಅಜ್ಜಿಯೂ ಬಂದು ಕೂತಳು. ಆಗಷ್ಟೇ ತಲೆಸ್ನಾನ ಮಾಡಿದ್ದಳು, ಹೆಗಲ ಮೇಲೆ ದಪ್ಪನೆಯ ಟವೆಲ್ಲು. ಮಾತಿಗೆ ಏನಾದರೂ ಬೇಕಲ್ಲ, "ನಮ್ಮಲ್ಲೂ ಇಂಥದ್ದೇ ಇದೆ, ಟರ್ಕಿ ಟವೆಲ್ಲು ಅಂತೀವಿ" ಎಂದೆ. ಹುಡುಗಿ ಅದನ್ನು ಅವರ ಭಾಷೆಯಲ್ಲಿ ಹೇಳಿದಳು. ಅಜ್ಜಿಯ ಮುಖ ಸಣ್ಣಗಾಯಿತು. ಆಮೇಲೆ ಗೊಳ್ಳೆಂದು ನಕ್ಕಳು.

"ಅತ್ತೆ, ಅಜ್ಜಿ ಏನಂತಿದಾರೆ ಗೊತ್ತಾ? ಮೈ ಒರೆಸಿಕೊಳ್ಳೋಕೂ ಅವರೇ ಬೇಕಾ ನಿಮಗೆ ಅಂತ!"

ನನಗೇನೂ ಅರ್ಥವಾಗಲಿಲ್ಲ. ಅರ್ಥವಾಗಲಿ ಎಂದೇ ಅಜ್ಜಿ ಅವತ್ತು ಹೇಳಲು ಕೂತಳು. ನೂರು ವರ್ಷಕ್ಕೂ ಹಿಂದೆ, ಮೊದಲನೇ ಮಹಾಯುದ್ಧದ ಹೊತ್ತಿನಲ್ಲಿ, ಅವಳ ಅಮ್ಮ ಇನ್ನೂ ಲಂಗದ ಹುಡುಗಿ. ಈಗ ಟರ್ಕಿ ಎನ್ನುವ ನೆಲದಲ್ಲಿ ಅವರ ಹಳ್ಳಿ. ಅಲ್ಲಿನ ಸರ್ಕಾರ ಆರ್ಮೇನಿಯನ್ನರನ್ನು ಊರೂರಿನಿಂದ ಎಬ್ಬಿಸಿ ಮರುಭೂಮಿಯ ಕಡೆ ನಡೆಸಿಕೊಂಡು ಹೋಯಿತು. ಗಂಡಸರನ್ನು ಊರಾಚೆಯೇ ಕೊಂದರು. ಹೆಂಗಸರು, ಮಕ್ಕಳು ದಾರಿಯಲ್ಲಿ ಬಿದ್ದರು. ಅದನ್ನು ನರಮೇಧ ಎಂದು ಆ ದೇಶದ ಸರ್ಕಾರ ಇವತ್ತಿಗೂ ಒಪ್ಪುವುದಿಲ್ಲ. ನಾನು ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದವಳು, ಒಂದಕ್ಷರ ಕೇಳಿರಲಿಲ್ಲ. ನಾಚಿಕೆಯಾಯಿತು. ಮಾರನೇ ದಿನ ಪೆನ್ನು ಹಿಡಿದೇ ಫೋನಿನ ಮುಂದೆ ಕೂತೆ.

ಎರಡು ಮಳೆಗಾಲ ಹಾಗೇ ನಡೆಯಿತು. ಅಜ್ಜಿ ಹೇಳುವುದು, ಹುಡುಗಿ ಕನ್ನಡ ಮಾಡುವುದು, ನಾನು ಬರೆಯುವುದು. ಅಜ್ಜಿ ಹೇಳಿದ ಅಷ್ಟೂ ಕತೆಗಳಲ್ಲಿ ಅವಳ ಜೀವ ಇದ್ದದ್ದು ಒಂದೇ ಕತೆಯಲ್ಲಿ. ಆ ಸಾಲಿನಲ್ಲಿ ನಡೆಯುತ್ತಿದ್ದ ಹುಡುಗಿಯನ್ನು, ಅಂದರೆ ಅವಳಮ್ಮನನ್ನು, ದಾರಿ ಬದಿಯ ಹಳ್ಳಿಯ ಮುಸ್ಲಿಂ ಹೆಂಗಸೊಬ್ಬಳು ಕೈ ಹಿಡಿದು ಸರಕ್ಕನೆ ಮನೆಯೊಳಗೆ ಎಳೆದುಕೊಂಡಿದ್ದಳು. ಅಲ್ಲಿ ನೆಲದಲ್ಲಿ ಹೂತ ರೊಟ್ಟಿಯ ಒಲೆ, ನಮ್ಮ ಹೋಟೆಲಿನ ತಂದೂರಿ ಒಲೆಯ ಹಾಗೆ. ಆರಿದ ಆ ಒಲೆಯೊಳಗೆ ಹುಡುಗಿಯನ್ನು ಇಳಿಸಿ, ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಹಿಟ್ಟು ಹರಡಿಕೊಂಡು ರೊಟ್ಟಿ ಲಟ್ಟಿಸುತ್ತಾ ಕೂತಳಂತೆ. ಸೈನಿಕರು ಬಂದರು, ಮನೆ ಜಾಲಾಡಿದರು. ಅವಳು ಲಟ್ಟಿಸುತ್ತಲೇ ಇದ್ದಳು. ಆ ಚಳಿಗಾಲವೆಲ್ಲ ಮಗಳಂತೆ ಸಾಕಿಕೊಂಡಳು. ಆಮೇಲೆ ಅನಾಥಾಲಯ, ಸಿರಿಯಾದ ಅಲೆಪ್ಪೊ, ಕೊನೆಗೆ ಯೆರೆವಾನ್.

"ಅವಳ ಹೆಸರು ನಮಗೆ ಗೊತ್ತಿಲ್ಲ" ಎಂದಳು ಅಜ್ಜಿ. "ನಮ್ಮಮ್ಮ ಅವಳನ್ನೂ ಅಮ್ಮ ಅಂತಲೇ ಕರೀತಿದ್ದದ್ದು. ನಿನ್ನ ಪುಸ್ತಕದಲ್ಲಿ ಏನು ಬೇಕಾದರೂ ಬಿಡು, ಆ ರೊಟ್ಟಿಯವಳನ್ನ ಬಿಡಬೇಡ. ಅವಳಿಲ್ಲದಿದ್ರೆ ನಾನೂ ಇಲ್ಲ."

ಮಾತು ಕೊಟ್ಟೆ. ಅದೇ ದಿನ ಅಜ್ಜಿ ನನಗೊಂದು ಪದ ಕಲಿಸಿದಳು: ಅಂಕೇರ್. ಸ್ನೇಹಿತ ಅಂತ. ಬಿಡಿಸಿದರೆ, ಜೊತೆಗೆ ಕೂತು ಉಂಡವನು ಅಂತ ಅರ್ಥವಂತೆ. ಆರ್ಮೇನಿಯನ್ ಭಾಷೆಯಲ್ಲಿ ನನ್ನ ನಾಲಿಗೆಗೆ ಹತ್ತಿದ್ದು ಅದೊಂದೇ ಪದ. ಅಜ್ಜಿ ಪರದೆಯ ಮೇಲೆ ಬಂದ ಕೂಡಲೇ "ಅಂಕೇರ್!" ಎಂದು ಕೂಗುತ್ತಿದ್ದೆ, ಅವಳೂ ಕೂಗುತ್ತಿದ್ದಳು.

ಬರೆದದ್ದನ್ನು ಮೊದಲು ಕೇಳುತ್ತಿದ್ದವಳು ಭದ್ರಾವತಿಯ ನನ್ನ ಗೆಳತಿ. ನಾವಿಬ್ಬರೂ ಒಂದೇ ಸ್ಕೂಲಿನಲ್ಲಿದ್ದವರು. ಅವಳು ಗಣಿತ, ನಾನು ಕನ್ನಡ. ಮನೆಮಾತು ದಖನಿ, ಕನ್ನಡ ನನಗಿಂತ ಚೊಕ್ಕ. ಪ್ರತಿ ಶನಿವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಉಕ್ಕಿನ ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ಹಿಂದಿನ ರಸ್ತೆಯಲ್ಲಿ ಅವಳ ಮನೆ. ಹಿಂದಿನ ಅಂಗಳದಲ್ಲಿ ಕುರ್ಚಿ ಹಾಕಿ, ಚಹಾ ಇಟ್ಟು, "ಹ್ಞೂಂ, ಓದಿ ಅಕ್ಕ" ಎನ್ನುತ್ತಿದ್ದಳು. ರೊಟ್ಟಿಯ ಅಧ್ಯಾಯ ಓದಿದ ದಿನ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅಕ್ಕ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಹೇಳೇ ಮಾರಾಯ್ತಿ, ಅದೇನು ಪೀಠಿಕೆ!"

"ಎಲ್ಲಾ ಕಡೆ ಟರ್ಕಿ ಸೈನಿಕರು, ಟರ್ಕಿ ಸರ್ಕಾರ ಅಂತಾನೇ ಬರೀರಿ. ಆ ಇನ್ನೊಂದು ಪದ ಬರೋದು ಬೇಡ. ಒಂದನೇ ಕ್ಲಾಸಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಆ ಪದ ಅಂದು, ಸ್ಲೇಟು ಎತ್ಕೊಂಡು ಆ ಕಡೆ ಬೆಂಚಿಗೆ ಹೋದ್ಲು. ಯಾವ್ದೋ ದೇಶದ ಹೆಸರು ನಂಗ್ಯಾಕೆ ಅಂಟಿಸ್ತಾರೆ ಅಂತ ನಮ್ಮಬ್ಬನ್ನ ಕೇಳಿದ್ದೆ."

ಕನ್ನಡದಲ್ಲಿರುವ ಸುಡುಗಾಡು ತೊಡಕು ಇದು. ಟರ್ಕಿಯವನು ಎನ್ನಲು ಒಂದು ಕಾಲದಲ್ಲಿದ್ದ 'ತುರುಕ' ಎಂಬ ಪದ ಸವೆದು ಸವೆದು, ನಮ್ಮ ಬೀದಿಯ ಮುಸಲ್ಮಾನರನ್ನು ಹೀಗಳೆಯುವ ಪದವಾಗಿ ನಿಂತಿದೆ. ಒಂದಕ್ಷರ ಆಚೀಚೆಯಾದರೆ ಎಲ್ಲಿಯದೋ ಸೇನೆಯ ಪಾಪ ಇಲ್ಲಿಯ ಗಣಿತದ ಟೀಚರ ತಲೆಗೆ ಬರುತ್ತದೆ. ನನ್ನ ಪುಸ್ತಕದಲ್ಲಿ ಆ ಪದ ಎಲ್ಲೂ ಬರುವುದಿಲ್ಲ ಎಂದು ಅವಳಿಗೂ ಮಾತು ಕೊಟ್ಟೆ. ಬಿಡುಗಡೆಯ ದಿನ ರೊಟ್ಟಿಯ ಅಧ್ಯಾಯವನ್ನು ಅವಳೇ ಓದುವುದೆಂದು ಅಲ್ಲೇ ಚಹಾ ಕುಡಿಯುತ್ತಾ ಗೊತ್ತು ಮಾಡಿದೆವು.

ಇನ್ನು ಪ್ರಕಾಶಕ. ಅವನ ಬಗ್ಗೆ ಬರೆಯಲು ಕೂತರೆ ಈಗಲೂ ಸಿಟ್ಟಿಗೆ ಪೆನ್ನು ಒತ್ತಿ ಹಾಳೆ ಹರಿಯುತ್ತದೆ. ಕಾಲೇಜಿನಲ್ಲಿ ಜೊತೆಗೆ ಓದಿದವನು. ಅವನು ಶಿವಮೊಗ್ಗದಲ್ಲಿ ಪ್ರಕಾಶನ ಶುರು ಮಾಡಿದಾಗ ಮೊದಲ ಪುಸ್ತಕಗಳ ಪ್ರೂಫ್ ತಿದ್ದಿದವಳು ನಾನು. ಅವನ ಹೆಂಡತಿ ಬಾಣಂತನಕ್ಕೆ ಹೋದಾಗ ಮೂರು ಹೊತ್ತೂ ನಮ್ಮನೆಯಲ್ಲೇ ಊಟ. ಆಮೇಲೂ ಅಷ್ಟೇ, ಅಕ್ಕಿರೊಟ್ಟಿ ತಟ್ಟುವ ಸದ್ದು ಅವನ ಮನೆಗೆ ಕೇಳುತ್ತಿತ್ತೋ ಏನೋ, ಬಿಸಿ ಬಿಸಿ ಬೇಯುವ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ಸ್ಕೂಟರು. ತಿಂಗಳಿಗೊಮ್ಮೆ ನಮ್ಮ ತಾರಸಿಯ ಮೇಲೆ ಪುಸ್ತಕ ಚರ್ಚೆ ನಡೆಸುತ್ತಿದ್ದೆವು. ಗಾಜನೂರಿನಿಂದ, ಹೊಳೆಹೊನ್ನೂರಿನಿಂದ ಕೂಡ ಜನ ಬರುತ್ತಿದ್ದರು. ಬೈದಾಡಿಕೊಂಡು, ಕಾಫಿ ಕುಡಿದು, ಸ್ನೇಹಿತರಾಗಿಯೇ ಮೆಟ್ಟಿಲಿಳಿಯುತ್ತಿದ್ದರು. ಹಸ್ತಪ್ರತಿ ಓದಿ ಅವನು ಕಣ್ಣಲ್ಲಿ ನೀರು ಹಾಕಿಕೊಂಡಿದ್ದ. "ಇಂಥಾ ಪುಸ್ತಕ ಕನ್ನಡದಲ್ಲಿ ಬಂದೇ ಇಲ್ಲ ಮಾರಾಯ್ತಿ. ನಾನು ಮಾಡ್ತೀನಿ. ಬರೀ ಬಿಡುಗಡೆ ಅಲ್ಲ, ದೊಡ್ಡ ಸಂವಾದಾನೇ ಇಡೋಣ" ಎಂದ. ನಾನು ಹಿಗ್ಗಿ ಹೀರೇಕಾಯಾದೆ.

ಅಷ್ಟರಲ್ಲಿ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮನೆಗೆ ಮೂಸಂಬಿ ಹಿಡಿದುಕೊಂಡು ಬಂದ. "ಕೊನೇ ಪ್ರೂಫಿಗೆಲ್ಲಾ ಕಣ್ಣು ಹಾಕ್ಬೇಡ. ನಾನೇ ನೋಡ್ತೀನಿ. ನಿನ್ನ ಪುಸ್ತಕ ಅಂದ್ರೆ ನನ್ನ ಪುಸ್ತಕ ಅಲ್ವಾ?" ಎಂದ. ಅವನ ಕಣ್ಣನ್ನು ನಂಬದೆ ಇನ್ಯಾರ ಕಣ್ಣನ್ನು ನಂಬಲಿ? ಹ್ಞೂಂ ಎಂದೆ. ಬೈಂಡಿಂಗ್ ತಡವಾಯಿತು ಎಂದು ಪ್ರತಿಗಳು ನೇರ ಸಭಾಂಗಣಕ್ಕೇ ಬಂದವು.

ಭಾನುವಾರ ಬೆಳಿಗ್ಗೆ. ಸಭಾಂಗಣ ತುಂಬಿತ್ತು. ತಾರಸಿಯ ಚರ್ಚೆಗೆ ಬರುತ್ತಿದ್ದ ಮುಖಗಳು ಕಡಿಮೆ, ನಾನು ನೋಡದ ಹುಡುಗರೇ ಹೆಚ್ಚು. ಮುಖ್ಯ ಅತಿಥಿಯೂ ನಾನು ಹೇಳಿದವರಲ್ಲ. ಮೊದಲಿನವರಿಗೆ ಜ್ವರ ಎಂದು ಕಿವಿಯಲ್ಲಿ ಹೇಳಿದ. ರಿಬ್ಬನ್ ಬಿಚ್ಚಿ, ಪುಸ್ತಕಗಳನ್ನು ಎದೆಗೆ ಹಿಡಿದುಕೊಂಡು ಫೋಟೊಕ್ಕೆ ನಿಂತೆವು. ಮುಖಪುಟಕ್ಕೆ ನಾನು ಕೇಳಿದ್ದು ರೊಟ್ಟಿಯ ಒಲೆಯ ಚಿತ್ರ. ಬಂದದ್ದು ರಕ್ತ ತೊಟ್ಟಿಕ್ಕುವ ಕತ್ತಿ. ಥೂ, ಇದೇನು ಸಿನಿಮಾ ಪೋಸ್ಟರು ಎಂದುಕೊಂಡೆನೇ ಹೊರತು ಇನ್ನೂ ತಲೆಗೆ ಹೊಳೆಯಲಿಲ್ಲ. ಕೂತು ಮೊದಲ ಪುಟ ತೆರೆದೆ. ಅಜ್ಜಿಯನ್ನು ಮೊದಲು ಕಂಡ ದಿನವನ್ನು ನಾನೇ ಬರೆದ ಸಾಲು. 'ಹೆಗಲ ಮೇಲೆ ತುರುಕ ಟವೆಲ್ಲು ಹಾಕಿಕೊಂಡು ಅಜ್ಜಿ ಬಂದು ಕೂತಳು.'

ನನಗೆ ಮೊದಲು ಬಂದದ್ದು ನಗು. ಪಾಪ, ಅಕ್ಷರ ಜೋಡಿಸುವ ಡಿಟಿಪಿಯವರ ಕೈ ತಪ್ಪಿದೆ ಎಂದುಕೊಂಡೆ. ಮುಂದಿನ ಪುಟ ತಿರುವಿದೆ. ತುರುಕ ಸೈನಿಕರು. ಅದರ ಮುಂದಿನ ಪುಟ. ತುರುಕ ಸರ್ಕಾರ. ತುರುಕ ಸೇನೆ ಕೊಂದಿತು. ತುರುಕ ಸೇನೆ ಎಳೆದೊಯ್ದಿತು. ಆಗ ತಲೆಗೆ ಹೊಳೆಯಿತು. ಕಂಪ್ಯೂಟರಿಗೆ ಒಂದೇ ಸಲ ಅಪ್ಪಣೆ ಕೊಟ್ಟಿದ್ದಾರೆ, 'ಟರ್ಕಿ' ಕಂಡಲ್ಲೆಲ್ಲಾ ಬದಲಿಸು ಎಂದು. ಅದಕ್ಕೇನು ಗೊತ್ತು, ಪಾಪದ ಟವೆಲ್ಲನ್ನೂ ಬಿಟ್ಟಿಲ್ಲ. ರೊಟ್ಟಿಯ ಅಧ್ಯಾಯ ಹುಡುಕಿದೆ. ಪರಿವಿಡಿಯಲ್ಲಿ ಇಲ್ಲ. ಒಳಗೂ ಇಲ್ಲ. ಅಜ್ಜಿಯ ಅಮ್ಮ ಸಾಲಿನಲ್ಲಿ ನಡೆಯುತ್ತಿದ್ದಳು, ಮುಂದಿನ ಅಧ್ಯಾಯಕ್ಕೆ ಅನಾಥಾಲಯದಲ್ಲಿದ್ದಳು. ಹೇಗೆ ಬದುಕಿದಳು ಎಂದು ಕೇಳುವವರಿಲ್ಲ.

ಮೈಕಿನಲ್ಲಿ ಅತಿಥಿ ಗುಡುಗುತ್ತಿದ್ದರು. "ಇದು ಎಲ್ಲೋ ದೂರದ ಕತೆ ಅಂದ್ಕೋಬೇಡಿ. ಅದೇ ಜನ ನಮ್ಮ ಪಕ್ಕದ ಬೀದೀಲೂ ಇದ್ದಾರೆ!" ಚಪ್ಪಾಳೆಯೋ ಚಪ್ಪಾಳೆ. ನಾನು ಪ್ರಕಾಶಕನ ತೋಳು ಹಿಡಿದೆ.

"ಏನೋ ಇದು? ಏನ್ ಮಾಡಿದೀಯ?"

"ಆಮೇಲೆ ಮಾತಾಡೋಣ."

"ರೊಟ್ಟಿಯವಳು ಎಲ್ಲೋ?"

"ಅದಿದ್ರೆ ಪುಸ್ತಕದ ಬಿಸಿ ಆರಿ ಹೋಗುತ್ತೆ ಮಾರಾಯ್ತಿ. ಈಗ ಜನ ಏನು ಓದ್ತಾರೆ ಅಂತ ನಂಗೊತ್ತು. ಒಂದು ಪದಕ್ಕೆ ಯಾಕೆ ಇಷ್ಟು ರಂಪ? ಆರ್ಮೇನಿಯಾ ವಿಷಯ ನಾಲ್ಕು ಜನಕ್ಕೆ ತಲುಪ್ತಲ್ಲ, ಅದು ನೋಡು."

ಅಷ್ಟರಲ್ಲಿ ನಿರೂಪಕಿ ನನ್ನ ಗೆಳತಿಯನ್ನು ಓದಲು ಕರೆದಳು. ಅವಳು ಎರಡನೇ ಸಾಲಿನಲ್ಲಿದ್ದಳು, ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟುಕೊಂಡು ಬಂದಿದ್ದಳು. ಅತಿಥಿಯ ಭಾಷಣ ಮುಗಿಯುವ ತನಕ ಎದ್ದು ಹೋಗದೆ ಕೂತಿದ್ದವಳು, ನನಗಾಗಿ. ಎದ್ದು ಬಂದಳು. ಕೈಗೆ ಪುಸ್ತಕ ಕೊಟ್ಟರು. ಪರಿವಿಡಿಯ ಮೇಲೆ ಬೆರಳಾಡಿಸಿದಳು. ಪುಟ ಮಗುಚಿದಳು, ಮತ್ತೆ ಮಗುಚಿದಳು, ಒಂದು ಕಡೆ ನಿಂತಳು. ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದ್ದದ್ದು, ನೀವೂನಾ ಎಂಬ ಪ್ರಶ್ನೆ.

"ನಾನು ಓದ್ಬೇಕಿದ್ದ ಹೆಂಗಸು ಈ ಪುಸ್ತಕದಲ್ಲಿ ಇಲ್ಲ" ಎಂದು ಮೈಕಿಗೆ ಹೇಳಿದಳು. ಪುಸ್ತಕವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ಮೆಟ್ಟಿಲಿಳಿದು, ಸಾಲುಗಳ ನಡುವೆ ನಡೆದು ಹೊರಗೆ ಹೋದಳು.

ನಾನು ಎದ್ದು ಮೈಕು ಕಿತ್ತುಕೊಂಡೆ. "ಇದು ನಾನು ಬರೆದ ಪುಸ್ತಕ ಅಲ್ಲ. ಇದನ್ನ ಯಾರೂ ಕೊಳ್ಳಬೇಡಿ. ನನಗೆ ಮೋಸ ಆಗಿದೆ!" ಅಂದೆ. ಪ್ರಕಾಶಕ ನಗುನಗುತ್ತಾ ಬಂದು ಮೈಕಿನ ಮೇಲೆ ಕೈಯಿಟ್ಟ. "ಮೇಡಂ ತುಂಬಾ ಭಾವುಕರಾಗಿದ್ದಾರೆ. ಆ ಸಂಕಟದ ಜೊತೆ ಎರಡು ವರ್ಷ ಬದುಕಿದವರು" ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನ ಕತ್ತು ಕುಯ್ದು, ಅದಕ್ಕೆ ನನಗೇ ಚಪ್ಪಾಳೆ ಹೊಡೆಸಿದ.

ಗೆಳತಿ ಈಗಲೂ ಫೋನೆತ್ತುತ್ತಾಳೆ. "ಆರಾಮಾ ಅಕ್ಕ? ಕಣ್ಣು ಹೇಗಿದೆ?" ಎಂದು ಕೇಳುತ್ತಾಳೆ. ನಾನು ಮಾಡಿದ್ದಲ್ಲ ಎಂದು ಅವಳಿಗೆ ಗೊತ್ತು, ಅವಳೇ ಹೇಳಿದ್ದಾಳೆ. ಶನಿವಾರ ಬರ್ತೀನಿ ಅಂದರೆ ಮಾತ್ರ ಮನೆಯಲ್ಲಿ ನೆಂಟರಿದ್ದಾರೆ ಎನ್ನುತ್ತಾಳೆ. ಎಷ್ಟು ಶನಿವಾರ ನೆಂಟರಿರುತ್ತಾರೆ ಒಂದು ಮನೆಯಲ್ಲಿ?

ಬಿಡುಗಡೆಯ ಆ ದಿನ ಇನ್ನೂ ಒಂದು ಕೆಲಸ ಬಾಕಿಯಿತ್ತು. ಕಾರ್ಯಕ್ರಮದ ಕೊನೆಗೆ ಯೆರೆವಾನಿನಿಂದ ಅಜ್ಜಿ ಪರದೆಯ ಮೇಲೆ ಬರುವುದೆಂದು ಮೊದಲೇ ಗೊತ್ತಾಗಿತ್ತು. ತಪ್ಪಿಸಲು ನನಗೆ ವೇಳೆಯೇ ಸಿಗಲಿಲ್ಲ. ವೇದಿಕೆಯ ಹಿಂದಿನ ಬಿಳಿ ಪರದೆ ಬೆಳಗಿತು, ಅಜ್ಜಿ ಗೋಡೆಯಷ್ಟು ದೊಡ್ಡವಳಾಗಿ ಬಂದಳು. ಕೂದಲು ಬಾಚಿ, ಕೆಂಪು ಮಣಿಸರ ಹಾಕಿಕೊಂಡು, ಪಕ್ಕದಲ್ಲಿ ನಮ್ಮ ಹುಡುಗಿ. ಯಾರೋ ಪುಸ್ತಕ ಎತ್ತಿ ತೋರಿಸಿದರು. ಅಜ್ಜಿ ಎರಡೂ ಕೈಯನ್ನು ತುಟಿಗೆ ಒತ್ತಿಕೊಂಡು ಮುತ್ತು ಕೊಟ್ಟಳು. ಆಮೇಲೆ ಏನೋ ಕೇಳಿದಳು.

"ಅತ್ತೆ, ರೊಟ್ಟಿಯವಳ ಕತೆ ಓದಿ ಅಂತಿದಾರೆ. ಕನ್ನಡ ಅರ್ಥ ಆಗದಿದ್ರೂ ಪರವಾಗಿಲ್ವಂತೆ, ಕಿವಿಗೆ ಬಿದ್ರೆ ಸಾಕಂತೆ."

ಅಜ್ಜಿಗೆ ಸುಳ್ಳು ಹೇಳಬಹುದಿತ್ತು. ನಾನು ಯಾವ ಪುಟ ಓದಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳ ಜನರಿಗೆ ನೂರು ವರ್ಷದಿಂದ ಹೇಳಿರುವ ಸುಳ್ಳಿನ ಮೇಲೆ ನನ್ನದೂ ಒಂದು ಬೇಡ ಎನ್ನಿಸಿತು.

"ಆ ಅಧ್ಯಾಯ ಪುಸ್ತಕದಲ್ಲಿ ಇಲ್ಲ ಅಂತ ಹೇಳು ಮಗಳೇ. ನಾನು ಬರೆದಿದ್ದೆ, ತೆಗೆದುಬಿಟ್ರು ಅಂತ ಹೇಳು."

ಹುಡುಗಿ ನನ್ನ ಮುಖ ನೋಡಿದಳು. ಹೇಳಿದಳು. ಅಜ್ಜಿಯ ಕೈ ತುಟಿಯಿಂದ ಕೆಳಗಿಳಿಯಿತು. ಆದರೆ ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಅಳಿಸುವವರನ್ನು ಹುಟ್ಟಿದಾಗಿನಿಂದ ಕಂಡವಳ ಹಾಗೆ ತಲೆಯಾಡಿಸಿ, ಸಣ್ಣದೊಂದು ಪ್ರಶ್ನೆ ಕೇಳಿದಳು.

"ಯಾರು ತೆಗೆದ್ರು ಅಂತ ಕೇಳ್ತಿದಾರೆ ಅತ್ತೆ. ಟರ್ಕಿ ಸರ್ಕಾರದವ್ರಾ ಅಂತ."

"ಅಲ್ಲ."

"ಮತ್ತೆ ಯಾರು ಅಂತ."

ಪಕ್ಕಕ್ಕೆ ತಿರುಗಿದೆ. ಪ್ರಕಾಶಕ ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತಿದ್ದ.

"ನನ್ನ ಸ್ನೇಹಿತ ಅಂತ ಹೇಳು."

ಹುಡುಗಿ ಹೇಳಿದಳು. ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಒಂದೇ ಪದ. ಅಜ್ಜಿ ಕಿವಿಯನ್ನು ಹುಡುಗಿಯ ಹತ್ತಿರ ತಂದು, ಅವಳು ಪದ ತಪ್ಪು ಹೇಳಿದಳೇನೋ ಎನ್ನುವಂತೆ ಮತ್ತೆ ಕೇಳಿದಳು. "ಅಂಕೇರ್?"

ಹುಡುಗಿ ಸರಿಯಾಗಿಯೇ ಹೇಳಿದ್ದಳು.