ಒರೆ ಮೊದಲು ತೋರ್ಸು

ಆತನಿಗೆ ಹುಬ್ಬುಗಳಿರಲಿಲ್ಲ. ವರ್ಷಾನುಗಟ್ಟಲೆ ಕುಲುಮೆಯ ಬೆಂಕಿಗೆ ಮುಖ ಕೊಟ್ಟು ಕೊಟ್ಟು ಹುಬ್ಬಿನ ಕೂದಲು ಸೀದುಹೋಗಿ, ಆಮೇಲೆ ಹುಟ್ಟುವುದನ್ನೇ ಬಿಟ್ಟಿತ್ತು. ಹುಬ್ಬಿಲ್ಲದ ಮುಖದಲ್ಲಿ ನಗು ಯಾವುದು, ಸಿಟ್ಟು ಯಾವುದು ತಿಳಿಯುತ್ತಿರಲಿಲ್ಲ. ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಬಿಳಿ ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ. ಕಿಬ್ಬನಹಳ್ಳಿಯಿಂದ ಬರುವ ದಾರಿ ನಮ್ಮೂರಿಗೆ ತಿರುಗುವಲ್ಲಿ ತಗಡಿನ ಕೆಳಗೆ ಅವನ ಕುಲುಮೆ. ನಾವೆಲ್ಲ ಅವನನ್ನು ಕುಲುಮೆಯಣ್ಣ ಅನ್ನುತ್ತಿದ್ದೆವು. ಮಕ್ಕಳು ಮಾತ್ರ ಆ ದಾರಿಯಲ್ಲಿ ಓಡಿಕೊಂಡೇ ಹೋಗುತ್ತಿದ್ದವು.

ಕತ್ತಿ ಸಾಣೆ ಹಿಡಿಸಲು ಹೋದವರ ಕೈಯಲ್ಲಿನ ಕತ್ತಿಯನ್ನು ಅವನು ನೋಡುತ್ತಲೇ ಇರಲಿಲ್ಲ.

"ಒರೆ ಮೊದಲು ತೋರ್ಸು" ಅನ್ನುತ್ತಿದ್ದ.

ಒರೆಯ ಬಾಯಿಗೆ ಒಂದು ಹಿಡಿ ಒಲೆಬೂದಿ ಸುರಿದು, ಕಪ್ಪು ಕಲ್ಲಿನ ಮೇಲೆ ಹಿಡಿದು ಮೆಲ್ಲಗೆ ತಟ್ಟುತ್ತಿದ್ದ. ಒರೆ ಗಟ್ಟಿಯಿದ್ದರೆ ಕಲ್ಲು ಕಪ್ಪಗೇ ಇರುತ್ತಿತ್ತು. ಎಲ್ಲೋ ಒಳಗೊಳಗೇ ಸೀಳಿದ್ದರೆ, ಕಣ್ಣಿಗೆ ಕಾಣದ ಆ ಸೀಳಿನಿಂದ ಬೂದಿ ಉದುರಿ ಕಲ್ಲಿನ ಮೇಲೆ ಸಣ್ಣ ಗೆರೆ ಬೀಳುತ್ತಿತ್ತು. ಗೆರೆ ಬಿದ್ದರೆ ಆ ಒರೆ ಅಲ್ಲೇ ಬೆಂಕಿಗೆ. ಹೊಸ ಕತ್ತಿಯನ್ನಂತೂ ಒರೆಯಿಲ್ಲದೆ ಮಾರಿದವನೇ ಅಲ್ಲ. ಹಲಸಿನ ಎರಡು ಹೋಳು ಕೆತ್ತಿ, ಹಿತ್ತಾಳೆ ತಂತಿ ಸುತ್ತಿ ತಾನೇ ಒರೆ ಮಾಡುತ್ತಿದ್ದ.

"ಕತ್ತಿ ಕೆಲ್ಸ ಇದ್ದಾಗ ಕುಯ್ತದೆ ಕಣವ್ವ. ಒರೆ ಸರಿಯಿಲ್ದಿದ್ರೆ ಕೆಲ್ಸ ಇಲ್ದಾಗ್ಲೂ ಕುಯ್ತದೆ."

ಒಂದು ಸಲ ಮಾಯಸಂದ್ರದ ಕಡೆಯವನೊಬ್ಬ ಒರೆ ಬೇಡ, ಬರೀ ಕತ್ತಿ ಕೊಡು ಎಂದು ಜಗಳ ತೆಗೆದ. ಇವನು ಕೊಡಲಿಲ್ಲ. ಅವನು ಬೈದುಕೊಂಡು ಹೋಗಿ ಇನ್ನೆಲ್ಲಿಂದಲೋ ತಂದ ಕತ್ತಿಗೆ ಗೋಣಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಇದೇ ದಾರಿಯಲ್ಲಿ ಹಾದ. ಕುಲುಮೆಯಣ್ಣ ತಲೆ ಎತ್ತಿ ನೋಡಿ, "ಇದು ಇವನನ್ನ ನೆಟ್ಟಗೆ ನಡೆಯಾಕೆ ಬಿಡಕ್ಕಿಲ್ಲ" ಅಂದ. ಎಂಟು ದಿನಕ್ಕೆ ಅವನು ತೋಟದ ಬದು ಹಾರಿದ್ದಾನೆ, ಕತ್ತಿ ಸೊಂಟದ ಕೆಳಗೆ ಇಳಿದಿದೆ. ಈಗಲೂ ಕಾಲೆಳೆದುಕೊಂಡೇ ಓಡಾಡುತ್ತಾನೆ. ಅವತ್ತಿನಿಂದ ಊರಿನವರು ಕುಲುಮೆಯಣ್ಣನದು ಕರಿನಾಲಿಗೆ ಎಂದರು. ನಾನೂ ಅಂದೆ, ಅದೂ ಅವನ ಮುಂದೆಯೇ. ಅವನು ಬೇಸರ ಮಾಡಿಕೊಳ್ಳಲಿಲ್ಲ.

"ನಾಲ್ಗೆ ಅಲ್ಲ ಕಣವ್ವ, ಕಣ್ಣು. ನೀವೆಲ್ಲ ಕತ್ತಿ ನೋಡ್ತೀರಿ."

ಈಗ ನನ್ನ ಮೊಮ್ಮಗಳ ವಿಚಾರ. ಮಗಳ ಮಗಳು, ಸಾಕಿದವಳು ನಾನು. ಬರೆಯಲು ಕೂತರೆ ಅವಳ ಬಗ್ಗೆಯೇ ನಾಲ್ಕು ಪುಸ್ತಕವಾದೀತು, ನಾನು ಓದಿರುವುದು ಮೂರನೇ ಕ್ಲಾಸಾದರೂ! ಎರಡು ಕಾಲಿಗೂ ಕಬ್ಬಿಣದ ಕಂಬಿ ಕಟ್ಟಿಕೊಂಡು ತೆಂಗಿನಮರ ಹತ್ತುವ ಯಂತ್ರದ ತರಬೇತಿ ಮುಗಿಸಿ ಬಂದು, ಗಂಡಸರು ಹತ್ತಲು ಹಿಂದೆಮುಂದೆ ನೋಡುವ ಮರಗಳನ್ನು ಹತ್ತಿದವಳು. ಹಂದನಕೆರೆಯಿಂದ ತುರುವೇಕೆರೆಯತನಕ ತೋಟದವರು ಅವಳಿಗೆ ಫೋನು ಮಾಡುತ್ತಾರೆ. ಪಕ್ಕದ ಬೀದಿಗೇ ಮದುವೆಯಾಗಿದ್ದರಿಂದ ನನ್ನ ಕಣ್ಣಮುಂದೆಯೇ ಇದ್ದಾಳೆ. ಇಷ್ಟು ಸಂತೋಷ ಒಬ್ಬ ಮುದುಕಿಗೆ ತಡೆಯುತ್ತದೆಯೇ ಎಂದು ಒಮ್ಮೊಮ್ಮೆ ಹೆದರಿಕೆಯಾಗುತ್ತದೆ.

ಅವಳು ಫೋನಿನಲ್ಲಿ ನೋಡಿ ಒಂದು ಕತ್ತಿ ತರಿಸಿದಳು. ಕಾಡು ತಿರುಗುವವರು ಸೊಂಟಕ್ಕೆ ಕಟ್ಟುವಂಥದು, ಯಾರೋ ಕೈಯಲ್ಲೇ ಬಡಿದು ಮಾಡಿದ್ದು. ಗೇಣುದ್ದ, ದಪ್ಪ ಬೆನ್ನು, ಸೂಜಿಯಂಥ ಮೊನೆ. ಜೊತೆಗೆ ಕಂದು ಬಣ್ಣದ ತೊಗಲಿನ ಒರೆ, ಎಷ್ಟು ಚೆಂದ ಅಂತೀರಿ! ಅವಳ ಹತ್ತಿರ ಕುಲುಮೆಯಣ್ಣ ಮಾಡಿದ ಕತ್ತಿಯೂ ಇತ್ತು. ಆದರೆ ಮರದ ಒರೆ ಯಂತ್ರದ ಕಂಬಿಗೆ ಬಡಿಯುತ್ತದೆ ಎಂದು ಅದನ್ನು ಮನೆಯಲ್ಲೇ ಬಿಡುತ್ತಿದ್ದಳು. ಯಾವುದು ಮೇಲು ಎಂದು ನಮ್ಮಿಬ್ಬರಿಗೂ ದಿನಾ ವಾದ. ಕೊನೆಗೊಂದು ಬೆಳಿಗ್ಗೆ ಎರಡನ್ನೂ ಹಿಡಿದು ಕುಲುಮೆಗೇ ಹೋದೆವು.

ಅವನು ಎರಡೂ ಒರೆಗಳನ್ನು ಪಕ್ಕಕ್ಕಿಟ್ಟು, ಅವತ್ತೊಂದೇ ದಿನ, ಕತ್ತಿ ಮೊದಲು ನೋಡಿದ. ಹಿಡಿಯನ್ನು ಬೆರಳ ಮೇಲೆ ತೂಗಿಸಿದ. ತೆಂಗಿನ ಗರಿಯ ದಿಂಡನ್ನು ತನ್ನ ಕತ್ತಿಯಿಂದ ಕಡಿದ. ಎರಡು ಏಟು ಬೇಕಾಯಿತು. ಹೊಸದರಲ್ಲಿ ಕಡಿದ, ಒಂದೇ ಏಟು.

"ಮಗಳೇ, ಕತ್ತೀಲಿ ನಾನು ಸೋತೆ" ಅಂದ.

"ನೋಡ್ದಾ ಅಜ್ಜಿ!" ಎಂದು ಇವಳು ಚಪ್ಪಾಳೆ ತಟ್ಟಿದಳು.

ಅವನು ತೊಗಲಿನ ಒರೆ ಎತ್ತಿಕೊಂಡು ಮೂಸಿದ. ಮಡಚಿದ. ಅದು ಬಟ್ಟೆಯ ಹಾಗೆ ಮಡಚಿಕೊಂಡಿತು.

"ಎಣ್ಣೆ ಯಾರು ಹಾಕಿದ್ದು?"

"ನಾನೇ ಕಣಣ್ಣ" ಅಂದೆ, ಹೆಮ್ಮೆಯಿಂದಲೇ. "ವಾರವಾರ ಹಚ್ತೀನಿ. ಗಾಣದ ಕೊಬ್ಬರಿ ಎಣ್ಣೆ. ಎಷ್ಟು ಮೆತ್ತಗಾಗೈತೆ ನೋಡು."

ನಮ್ಮ ಕಡೆ ಅದೊಂದು ರೂಢಿ. ತಲೆಗೆ, ಬಾಗಿಲ ಕೀಲಿಗೆ, ಹಸುವಿನ ಕೊಂಬಿಗೆ, ಚಪ್ಪಲಿಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಒರೆಯ ತೊಗಲು ಬಿರುಸಾಗಿಯೇ ಇರಬೇಕು, ಮೆತ್ತಗಾದರೆ ಮೊನೆಯನ್ನು ತಡೆಯುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು?

ಅವನು ಬೂದಿ ಸುರಿದು ತಟ್ಟಿದ. ಕಲ್ಲಿನ ಮೇಲೆ ಗೆರೆ ಬಿತ್ತು. ಸಣ್ಣದಲ್ಲ, ಬೆರಳುದ್ದದ್ದು. ತೊಡೆಗೆ ತಾಗುವ ಮಗ್ಗುಲಿನಲ್ಲೇ.

"ಇವತ್ತು ಇದು ಬ್ಯಾಡ ಮಗಳೇ. ನನ್ನದನ್ನೇ ಕಟ್ಕೊಂಡು ಹೋಗು."

"ಅಯ್ಯೋ, ಸಾಯಂಕಾಲ ಎರಡು ಹೊಲಿಗೆ ಹಾಕ್ಸಿದ್ರಾಯ್ತು ಬುಡಣ್ಣ. ತೋಟದೋರು ಆಗ್ಲೇ ಮೂರು ಸಲ ಫೋನ್ ಮಾಡವ್ರೆ" ಎಂದವಳೇ ಒರೆ ಕಿತ್ತುಕೊಂಡು, ಬೂದಿ ಕೊಡವಿ, ಸೊಂಟಕ್ಕೆ ಕಟ್ಟಿಕೊಂಡಳು. ನಾನಾದರೂ ತಡೆಯಬೇಕಿತ್ತು. "ಹೋಗ್ಲಿ ಬುಡಣ್ಣ, ಹುಡುಗಿ ಹುಷಾರು" ಅಂದೆ. ಸ್ಕೂಟರು ಹೋಯಿತು.

ಅವನು ಕಬ್ಬಿಣ ಕಾಯಿಸಿ ಸುತ್ತಿಗೆ ಎತ್ತಿದ. ಮೊದಲ ಏಟು ಕಬ್ಬಿಣ ತಪ್ಪಿ ಅಡಿಗಲ್ಲಿಗೆ ಬಿತ್ತು. ಎರಡನೆಯದೂ ಅಷ್ಟೇ. ಅವನ ಏಟು ತಪ್ಪಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವನು ಸುತ್ತಿಗೆ ಕೆಳಗಿಟ್ಟು ಉರಿಯುವ ಕೆಂಡಕ್ಕೆ ಒಂದು ಕೊಡ ನೀರು ಸುರಿದುಬಿಟ್ಟ. ಹೊಗೆ ತಗಡಿನ ಕೆಳಗೆಲ್ಲ ತುಂಬಿಕೊಂಡಿತು. ಹೊಗೆಯೊಳಗಿಂದ "ನಡಿಯವ್ವ" ಅಂದ.

ದಾರಿಯಲ್ಲಿ ತೆಂಗಿನಕಾಯಿ ಹೊರುವ ಒಂದು ಆಟೋ ಸಿಕ್ಕಿತು. ಅದನ್ನು ಹತ್ತಿ ಮೊಮ್ಮಗಳು ಹೋಗಿದ್ದ ತೋಟಕ್ಕೆ ಹೋದೆವು. ತೋಟದೊಳಗೆ ಗಾಳಿಯಿರಲಿಲ್ಲ, ಒಂದು ಗರಿಯೂ ಅಲುಗುತ್ತಿರಲಿಲ್ಲ. ಮೂರನೇ ಸಾಲಿನ ಮರದ ಬುಡದಲ್ಲಿ ಗೊನೆ ಬಿದ್ದಿದ್ದವು. ಮೊಮ್ಮಗಳು ಕತ್ತಿಯನ್ನು ಒರೆಗೆ ಹಾಕಿ ಕೆಳಗಿಳಿಯುತ್ತಿದ್ದಳು. ನಾನು ಬಾಯಿ ತೆರೆದೆ. ಅವನು ತನ್ನ ಮಸಿ ಕೈಯಿಂದ ನನ್ನ ಬಾಯಿ ಮುಚ್ಚಿದ.

"ಕೂಗಬ್ಯಾಡ. ಕೂಗಿದ್ರೆ ಬಗ್ಗಿ ನೋಡ್ತಾಳೆ. ಬಗ್ಗಿದ್ರೆ ಮುಗೀತು."

ಕೆಳಗಿನಿಂದ ನನಗೂ ಕಂಡಿತು. ಒರೆಯ ಮಗ್ಗುಲಲ್ಲಿ ಉಗುರಷ್ಟು ಏನೋ ಹೊಳೆಯುತ್ತಿತ್ತು. ಒಂದು ಕಾಲಿನ ಕಂಬಿ ಇಳಿಯಿತು, ಟಕ್. ಇನ್ನೊಂದು ಕಾಲಿನದು, ಟಕ್. ಕಾಲು ಎತ್ತಿದಾಗಲೆಲ್ಲ ತೊಡೆ ಆ ಹೊಳಪಿಗೆ ತಾಗುತ್ತಿತ್ತು. ಅವಳು ಏನೋ ಹಾಡು ಗುನುಗುತ್ತಿದ್ದಳು. ಅಷ್ಟು ಉದ್ದದ ಮರವನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

ಯಂತ್ರ ನೆಲ ಮುಟ್ಟಿದ ಮೇಲೆ ಹತ್ತುವವರು ಮೊದಲು ಮಾಡುವ ಕೆಲಸ ಬಗ್ಗಿ ಕಾಲಿನ ಪಟ್ಟಿ ಬಿಚ್ಚುವುದು. ಅವನಿಗೆ ಅದು ಗೊತ್ತಿತ್ತು. ಅವಳು ಇನ್ನೂ ಎರಡು ಮೊಳ ಮೇಲಿರುವಾಗಲೇ ಮರದ ಹತ್ತಿರ ಹೋಗಿ ನಿಂತು, ಸಂತೆಯಲ್ಲಿ ಸಿಕ್ಕವರನ್ನು ಮಾತಾಡಿಸುವ ದನಿಯಲ್ಲಿ, "ಮಗಳೇ, ನೆಟ್ಟಗೆ ನಿಂತ್ಕೋ, ತಲೆ ಮ್ಯಾಲೆ ಗೊದ್ದ ಐತೆ. ಅಲುಗಬ್ಯಾಡ" ಅಂದ. ಅವಳು ಆ ಕರಿ ಇರುವೆ ಕಚ್ಚೀತೆಂದು ಹೆದರಿ ಕಂಬದ ಹಾಗೆ ನಿಂತಳು. ಅವನು ಬಲಗೈ ಹೆಬ್ಬೆರಳನ್ನು ಮೊನೆಗೂ ತೊಡೆಗೂ ನಡುವೆ ತೂರಿಸಿ, ಎಡಗೈಯಿಂದ ಬೆಲ್ಟಿನ ಕೊಂಡಿ ಎಳೆದ. ಬೆಲ್ಟು ಸಡಿಲವಾಯಿತು. ಎಣ್ಣೆ ಕುಡಿದ ಒರೆಯನ್ನು ಸೀಳಿಕೊಂಡು ಕತ್ತಿ ಪೂರ್ತಿ ಹೊರಗೆ ಬಂತು, ಅವನ ಹೆಬ್ಬೆರಳ ಬುಡವನ್ನು ಎಲುಬಿನತನಕ ಕುಯ್ದು ಮಣ್ಣಿಗೆ ನಾಟಿತು.

ಅವಳ ಪ್ಯಾಂಟಿನ ಬಟ್ಟೆ ಸೀಳಿತ್ತು. ತೊಡೆಯ ಮೇಲೆ ಸಣ್ಣದೊಂದು ಗೀರು, ಅದರ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ಆಸ್ಪತ್ರೆಯಲ್ಲಿ ಅವನ ಕೈಗೆ ಹೊಲಿಗೆ ಹಾಕಿದ ಡಾಕ್ಟರು ಅವಳ ಗೀರನ್ನೂ ನೋಡಿ, ಅಲ್ಲಿ ಒಳಗೆ ದೊಡ್ಡ ರಕ್ತದ ನರ ಹೋಗುತ್ತದೆ, ಅದು ಕುಯ್ದಿದ್ದರೆ ತೋಟದಿಂದ ರಸ್ತೆಗೆ ಬರುವಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು ಎಂದರು. ನಾನು ಅವನ ಹತ್ತಿರ ಹೋಗಿ ನನ್ನ ಎರಡೂ ಕೈ ಮುಂದೆ ಹಿಡಿದೆ.

"ನಾನು ಕೊಲ್ತಿದ್ದೆ ಕಣಣ್ಣ. ಈ ಕೈಯಾರೆ."

"ನೀನು ಪ್ರೀತಿಗೆ ಹಚ್ಚಿದ್ದು ಕಣವ್ವ. ಕತ್ತಿಗೆ ಅದೆಲ್ಲ ತಿಳಿಯಾಕಿಲ್ಲ" ಅಂದ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಕತ್ತಿ ಬಿಸಾಕ್ಬೇಡ. ಒಳ್ಳೆ ಕತ್ತಿ. ಅದಕ್ಕೆ ನಾನು ಒರೆ ಮಾಡ್ಕೊಡ್ತೀನಿ" ಅಂದ.

ಮಾಡಿಯೂ ಕೊಟ್ಟ. ಕಂಬಿಗೆ ಬಡಿಯದ ಹಾಗೆ ತೆಳ್ಳಗೆ ಕೆತ್ತಿದ ಹಲಸಿನ ಒರೆ. ಅದೇ ಅವನ ಕೊನೆಯ ಕೆಲಸ. ಆ ಹೆಬ್ಬೆರಳು ಮತ್ತೆ ಮಡಚಲಿಲ್ಲ, ಸುತ್ತಿಗೆ ಕೈಯಲ್ಲಿ ನಿಲ್ಲಲಿಲ್ಲ. ಕುಲುಮೆಯ ಮುಂದೆ ಬಿಸಿಲಿಗೆ ಕೂತು, ಹೋಗಿಬರುವವರ ಸೊಂಟ ನೋಡುತ್ತಿದ್ದ. ಹಾಗೆ ಕೂತಿದ್ದವನು ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಗೋಡೆಗೆ ಒರಗಿಯೇ ಹೋಗಿಬಿಟ್ಟ. ಹೆಣದ ಹೆಬ್ಬೆರಳು ಜೋಡಿಸಿ ಕಟ್ಟುವವರು ಬಲಗೈಯದು ಬಗ್ಗುತ್ತಿಲ್ಲ ಎಂದು ದಾರ ಹಿಡಿದು ನಿಂತಿದ್ದರು. "ಅದನ್ನ ಬಗ್ಗಿಸ್ಬೇಡ್ರಪ್ಪ, ಇನ್ನೊಂದನ್ನ ಅದರ ಹತ್ರಕ್ಕೆ ತನ್ನಿ" ಎಂದು ಹೇಳಿ, ಹೆಂಗಸು ಅಂತ ಯಾರು ಏನೆಂದರೂ ಕೇಳದೆ, ನಾನೇ ಕಟ್ಟಿದೆ. ಮೊಮ್ಮಗಳು ಆಗ ಬಸುರಿ. ಹೆಣ ನೋಡಬಾರದು ಎಂದು ಎಲ್ಲರೂ ತಡೆದರು. ಮೆರವಣಿಗೆ ತಿರುಗುವಲ್ಲಿ ಹುಣಸೆಮರದ ಹಿಂದೆ ನಿಂತು ನೋಡಿದಳಂತೆ.

ಅವನು ಅವತ್ತು ಉಳಿಸಿದ್ದು ಒಂದು ಜೀವ ಎಂದು ನಾನು ತಿಳಿದಿದ್ದೆ. ನನಗೆ ಲೆಕ್ಕ ಬರುವುದಿಲ್ಲ, ಆದರೂ ಇಷ್ಟು ಗೊತ್ತಾಗುತ್ತದೆ, ಅದು ಎರಡು. ಎರಡನೆಯದು ತೊಟ್ಟಿಲಲ್ಲಿ ಎಚ್ಚರಗೊಂಡು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿದೆ. ಹೋಗಿ ಎತ್ತಿಕೊಳ್ಳಬೇಕು.