ಅಪ್ಪನ ಎಡಗಿವಿ

ನಮ್ಮ ಮನೆಯಲ್ಲಿ ಗುಟ್ಟು ಹೇಳಿಕೊಳ್ಳಲು ಒಂದು ಜಾಗವಿತ್ತು. ಅದು ಅಪ್ಪನ ಎಡಗಿವಿ. ಗೋಡೆಗಾದರೂ ಕಿವಿ ಇರುತ್ತದೆ, ಅಪ್ಪನ ಆ ಕಿವಿಗೆ ಕಿವಿಯೇ ಇಲ್ಲ ಎಂದು ನಾನೂ ಅಣ್ಣನೂ ನಂಬಿದ್ದೆವು.

ಅಪ್ಪ ಹದಿನೇಳು ವರ್ಷ ಸೈನ್ಯದ ಫಿರಂಗಿ ದಳದಲ್ಲಿದ್ದವರು. ಗುಂಡು ತುಂಬುವುದು ಅವರ ಕೆಲಸ. ಫಿರಂಗಿ ಸಿಡಿಯುವಾಗ ಬಾಯಿ ತೆರೆದುಕೊಂಡಿರಬೇಕಂತೆ, ಇಲ್ಲದಿದ್ದರೆ ಸದ್ದಿನ ಪೆಟ್ಟೆಲ್ಲ ಕಿವಿಯ ತಮಟೆಗೆ. ಒಂದು ದಿನ ಅದ್ಯಾಕೋ ಮುಚ್ಚಿಕೊಂಡಿದ್ದರು. ಎಡಗಿವಿಗೆ ಹತ್ತಿ ತುರುಕಿಕೊಂಡು, ತಗಡಿನ ಟ್ರಂಕು ಹೊತ್ತುಕೊಂಡು ಮನೆಗೆ ಬಂದಾಗ ನನಗೆ ಐದು ವರ್ಷ, ಅಣ್ಣನಿಗೆ ಎಂಟು. ಯುದ್ಧದ ಕಥೆ ಹೇಳಿ ಎಂದು ಗೋಗರೆದರೆ ಅವರು ಹೇಳುತ್ತಿದ್ದದ್ದು ಇಷ್ಟೇ. ಅಮ್ಮ ಸಿಟ್ಟಿನಲ್ಲಿ "ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?" ಎಂದರೆ, "ಒಂದ್ಸಲ ಮುಚ್ಕೊಂಡಿದ್ದಕ್ಕೇ ಕಿವಿ ಹೋಗಿದ್ದು ಕಣೇ" ಎನ್ನುತ್ತಿದ್ದರು.

ಊರಿಗೆ ನೀರು ಹರಿಸುವ ಪಂಪ್‌ಹೌಸಿನಲ್ಲಿ ಅವರಿಗೆ ಕೆಲಸ ಸಿಕ್ಕಿತು. ಅಲ್ಲಿ ಅವರನ್ನು ಎಲ್ಲರೂ 'ಮಿಲಿಟರಿ' ಎಂದೇ ಕರೆಯುತ್ತಿದ್ದರು. ಮನೆಗೆ ಬಂದರೂ ಮಿಲಿಟರಿಯೇ. ಚಪ್ಪಲಿಗಳು ಸಾಲಾಗಿರಬೇಕು, ಹೊದಿಕೆಯ ಮಡಿಕೆ ನೆಟ್ಟಗಿರಬೇಕು, ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಹೊಸ್ತಿಲೊಳಗಿರಬೇಕು. ಹಾಗೆಂದು ಪಾಳಿಗೆ ಹೊರಡುವ ಮುಂಚೆ ನಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದವರೂ, ಪೆನ್ಸಿಲ್ ಚೂಪು ಮಾಡಿಡುತ್ತಿದ್ದವರೂ ಅವರೇ. ಅಮ್ಮನಿಗೆ ಟೈಫಾಯ್ಡ್ ಬಂದಾಗ ತಿಂಗಳಿಡೀ ಅವಳ ಸೀರೆ ಒಗೆದು, ಅಂಚಿಗೆ ಅಂಚು ಹಿಡಿದು ಹಗ್ಗಕ್ಕೆ ಹಾಕುತ್ತಿದ್ದರು. ಬೀದಿಯವರು ನಕ್ಕರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನಾನು ಚಿಕ್ಕಂದಿನಲ್ಲಿ ಒಂದೇ ರಾಗದಲ್ಲಿ ಕೊಯ್ಯುತ್ತಿದ್ದೆನಂತೆ, ಅದಕ್ಕೆ ಅಪ್ಪ ನನ್ನನ್ನು ಪಿಟೀಲು ಎನ್ನುತ್ತಿದ್ದರು. ಆದರೆ ಅವರ ಎದುರಿಗೆ ನಿಂತರೆ ಪಿಟೀಲಿನ ತಂತಿಯೇ ಕಡಿದುಹೋಗುತ್ತಿತ್ತು. ಬೇಕಾದ್ದು ಕೇಳಲು ಭಯ. ಹಾಗಾಗಿ ಅವರು ಬೆತ್ತದ ಕುರ್ಚಿಯಲ್ಲಿ ಪೇಪರು ಓದುವಾಗ ನಾವಿಬ್ಬರೂ ಎಡಗಡೆ ನಿಂತು ಪಿಸುಗುಡುವ ಆಟ ಆಡುತ್ತಿದ್ದೆವು. "ಅಪ್ಪಾ, ನಂಗೊಂದು ಕೆಂಪು ರೇನ್‌ಕೋಟು ಬೇಕು." "ಅಪ್ಪಾ, ಲೆಕ್ಕದ ಮೇಷ್ಟ್ರು ದಿನಾ ಕಿವಿ ಹಿಂಡ್ತಾರೆ." ಆಮೇಲೆ ಕಿಸಿಕಿಸಿ ನಕ್ಕು ಓಡುವುದು.

ವಿಚಿತ್ರವೆಂದರೆ ಅಲ್ಲಿ ಹೇಳಿದ್ದು ನಡೆಯುತ್ತಿತ್ತು. ರೇನ್‌ಕೋಟು ಬಂತು, ಕೆಂಪಿನದೇ. ಲೆಕ್ಕದ ಮೇಷ್ಟ್ರು ಇದ್ದಕ್ಕಿದ್ದಂತೆ ನನ್ನನ್ನು 'ಏನಮ್ಮಾ' ಎನ್ನತೊಡಗಿದರು. ವಿಜ್ಞಾನ ಬಿಟ್ಟು ಚಿತ್ರಕಲೆಗೆ ಸೇರುತ್ತೇನೆಂದು ಅಣ್ಣ ಆ ಕಿವಿಗಷ್ಟೇ ಹೇಳಿದ್ದ. ಮುಂದಿನ ವಾರವೇ ಅಪ್ಪ "ಯಾವುದಾದ್ರೂ ಸರಿ, ನೆಟ್ಟಗೆ ಕಲಿ" ಎಂದರು. ಅಮ್ಮನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಒಳಗಿಂದ ಕೇಳಿಸಿಕೊಂಡು ಅವಳೇ ಊದಿರಬೇಕು ಎಂದುಕೊಂಡೆವು. ದಡ್ಡ ಮುಂಡೇವು ನಾವು.

ನನಗೆ ಹತ್ತೊಂಬತ್ತಾಗಿತ್ತು. ಗೆಳತಿಯ ಮದುವೆಗೆಂದು ಬೇರೆ ಊರಿಗೆ ಹೋಗಿ ಎರಡು ದಿನ ಉಳಿಯಬೇಕಿತ್ತು. ಅಪ್ಪ ಬೇಡ ಎಂದರು. ಅತ್ತು ಕರೆದೆ, ಊಟ ಬಿಟ್ಟೆ. ಇಲ್ಲ ಎಂದರೆ ಇಲ್ಲ. ಮಾರನೆಯ ಬೆಳಿಗ್ಗೆ ಅವರು ಪೇಪರು ಹಿಡಿದು ಕೂತಿದ್ದಾಗ ನಾನು ಎಡಗಡೆ ನಿಂತು, ಮುಖದಲ್ಲಿ ನಗು ಇಟ್ಟುಕೊಂಡೇ ಅಣ್ಣನಿಗೆ ಪಿಸುದನಿಯಲ್ಲಿ ಹೇಳಿದೆ: "ಇವರು ಮಿಲಿಟರೀಲೇ ಸತ್ತಿದ್ರೆ ಎಷ್ಟೋ ಚೆನ್ನಾಗಿತ್ತು. ಗೋಡೆ ಮೇಲೊಂದು ಫೋಟೋ ಇರ್ತಿತ್ತು. ಫೋಟೋ ಆದ್ರೆ ಬೇಡ ಅಂತ ಹೇಳಲ್ವಲ್ಲ."

ಅಣ್ಣ ನಕ್ಕ. ಅಪ್ಪ ಪುಟ ತಿರುಗಿಸಿದರು.

ಅವತ್ತು ಸಂಜೆ ಕೆಲಸದಿಂದ ಬಂದವರು, "ಹೋಗಿ ಬಾ. ಅಲ್ಲಿ ಚಳಿ, ಸ್ವೆಟರ್ ಇಟ್ಕೋ" ಎಂದರು. ಕುಣಿದಾಡಿಕೊಂಡು ಹೋದೆ. ಮರಳಿ ಬಂದಾಗ ಬೆತ್ತದ ಕುರ್ಚಿ ಜಾಗ ಬದಲಾಯಿಸಿತ್ತು. ಅದರ ಎಡತೋಳು ಗೋಡೆಗೆ ಒತ್ತಿಕೊಂಡಿತ್ತು, ಆ ಕಡೆ ಯಾರೂ ನಿಲ್ಲುವ ಹಾಗಿರಲಿಲ್ಲ. ಬೆಳಕಿಗೋಸ್ಕರ ಇರಬೇಕು ಎಂದುಕೊಂಡೆ. ಮೂವತ್ತೊಂದು ವರ್ಷ ಅದು ಅಲ್ಲೇ ಇತ್ತು.

ನನಗೂ ಮಗಳು ಹುಟ್ಟಿ, ಅವಳೂ ಎದುರು ಮಾತಾಡತೊಡಗಿದ ಮೇಲೆ ನಾನು ಅಂದದ್ದು ಆಗಾಗ ನೆನಪಾಗುತ್ತಿತ್ತು. ಮೈ ಜುಮ್ಮೆನ್ನುತ್ತಿತ್ತು. ಸದ್ಯ, ಅವರಿಗೆ ಕೇಳಿಸಿರಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಈ ವರ್ಷ ಅಪ್ಪ ಹೋದರು. ಮರುವಾರ ಅವರ ಜೊತೆ ಪಂಪ್‌ಹೌಸಿನಲ್ಲಿದ್ದ ಎಲೆಕ್ಟ್ರಿಷಿಯನ್ ಮಾತಾಡಿಸಲು ಬಂದರು. ಟೀ ಲೋಟ ಹಿಡಿದುಕೊಂಡು ಹಳೆಯದನ್ನೆಲ್ಲ ನೆನೆದರು.

"ನಿಮ್ಮಪ್ಪನ ಕಿವಿ ಅಂದ್ರೆ ಕಿವಿ ಕಣಮ್ಮ. ಉದ್ದದ ಸ್ಕ್ರೂಡ್ರೈವರ್ ತುದೀನ ಓಡ್ತಿರೋ ಪಂಪಿನ ಮೇಲಿಟ್ಟು, ಹಿಡೀನ ಕಿವಿಗೆ ಒತ್ತಿ, ಯಾವ ಬೇರಿಂಗ್ ಯಾವಾಗ ಹೋಗುತ್ತೆ ಅಂತ ಹೇಳಿಬಿಡೋರು. ಒಂದು ದಿನಾನೂ ತಪ್ಪಿಲ್ಲ."

"ಬಲಗಿವಿ ಚುರುಕಾಗಿತ್ತು ಬಿಡಿ" ಎಂದೆ.

"ಬಲಗಿವಿ ಎಲ್ಲಿ ಬಂತು? ಬಲಗೈ ಸ್ವಿಚ್ಚಿನ ಮೇಲಿರಬೇಕಲ್ಲ. ಎಡಗೈಲಿ ಹಿಡ್ಕೊಂಡು ಎಡಗಿವೀಲೇ ಕೇಳೋರು."

ಅವರು ಹೊರಟ ಮೇಲೆ ಅಡುಗೆಮನೆಗೆ ಹೋದೆ. ಅಮ್ಮ ಲೋಟ ತೊಳೆಯುತ್ತಿದ್ದಳು.

"ಅಮ್ಮ, ಅಪ್ಪನಿಗೆ ಎಡಗಿವಿ ಕೇಳ್ತಿತ್ತಾ?"

ಅವಳು ತಿರುಗಿ ನೋಡಲಿಲ್ಲ. "ಬಂದ ಒಂದು ವರ್ಷಕ್ಕೇ ಸರಿಹೋಯ್ತು. ಹೇಳ್ಬೇಡ ಅಂದ್ರು. 'ಮಕ್ಳು ನನ್ನೆದುರು ಸೆಟೆದು ನಿಲ್ತವೆ, ಬಾಯಿ ಬಿಡಲ್ಲ. ಆ ಕಿವಿಗಾದ್ರೂ ಬೇಕಾದ್ದು ಹೇಳ್ಕೊಳ್ಳಲಿ' ಅಂದ್ರು. ನೀನು ರೇನ್‌ಕೋಟು ಕೇಳಿದ ದಿನ ಎಷ್ಟು ನಕ್ಕಿದ್ರು ಗೊತ್ತಾ!"

"ಮತ್ತೆ ಕುರ್ಚಿ ಯಾಕೆ ಗೋಡೆಗೆ ಒತ್ತಿಸಿದ್ರು?"

"ನಾನೂ ಕೇಳ್ದೆ. ಮಕ್ಳು ದೊಡ್ಡೋರಾದ್ರು, ಇನ್ನು ಕದ್ದು ಕೇಳೋದು ತಪ್ಪು ಅಂದ್ರು."

ಅಷ್ಟೇ ಹೇಳಿದ್ದಾರೆ. ನಾನು ಅಂದದ್ದನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಿಲ್ಲ. ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಂಡು ಕುರ್ಚಿ ಸರಿಸಿದ್ದಾರೆ. ನಾನಂತೂ ಅಮ್ಮನಿಗೆ ಇನ್ನೂ ಹೇಳಿಲ್ಲ, ಹೇಳುವ ಧೈರ್ಯವಿಲ್ಲ.

ಆದರೆ ನನ್ನನ್ನು ತಿನ್ನುತ್ತಿರುವುದು ಅದಲ್ಲ. ಹತ್ತೊಂಬತ್ತರ ಹುಡುಗಿಯ ಬಾಯಿಗೆ ಬೀಗವಿರುವುದಿಲ್ಲ, ಅವಳನ್ನು ಬೇಕಾದರೆ ಕ್ಷಮಿಸಿಬಿಡಬಹುದು. ಐವತ್ತರವಳನ್ನು ಏನು ಮಾಡಲಿ?

ಅಪ್ಪ ಕೊನೆಗೆ ಇದ್ದ ಆಸ್ಪತ್ರೆಯ ಕೋಣೆ ಇಕ್ಕಟ್ಟಾಗಿತ್ತು. ಮಂಚದ ಬಲಬದಿ ಗೋಡೆಗೆ ತಾಗಿದ್ದರಿಂದ ನಾನು ಸ್ಟೂಲು ಹಾಕಿಕೊಂಡು ಎಡಗಡೆಯೇ ಕೂರಬೇಕಾಗಿತ್ತು. ಕೊನೆಯ ದಿನ ಮಧ್ಯಾಹ್ನ ಇಬ್ಬರೇ ಇದ್ದೆವು. ಆ ಹಳೆಯ ಮಾತಿಗೆ ಅದೇ ಕಿವಿಯಲ್ಲಿ ಪಿಸುಗುಟ್ಟಿ ಕ್ಷಮೆ ಕೇಳಿಬಿಡಬೇಕೆಂದು ತುಟಿಯವರೆಗೂ ಬಂತು. ಕಿವುಡನ ಮುಂದೆ ಕಿನ್ನರಿ ಬಾರಿಸಿ ಏನು ಫಲ ಎಂದು ನುಂಗಿಕೊಂಡೆ. ಬರೀ ನಿಟ್ಟುಸಿರು ಬಂದಿರಬೇಕು.

ಅಪ್ಪ ಕಣ್ಣು ತೆರೆದರು. "ಏನಾದ್ರೂ ಅಂದ್ಯಾ, ಪಿಟೀಲು?"

"ಇಲ್ಲಪ್ಪ, ಏನಿಲ್ಲ. ಮಲಕ್ಕೊಳ್ಳಿ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕಷ್ಟಪಟ್ಟು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಎಡಗಿವಿಯನ್ನು ಪೂರ್ತಿ ನನ್ನ ಕಡೆಗೆ ಮಾಡಿ ಮಲಗಿದರು. ನಿದ್ದೆ ಬಂತು ಎಂದುಕೊಂಡು ನಾನು ಕೆಳಗೆ ಹೋಗಿ ಟೀ ಕುಡಿದು ಬಂದೆ.