ಗಿಗ್ ಅಮೋಲನೂ ಕಾಯಂ ಓಂಪ್ರಕಾಶರೂ

ಬೀದರದ ಹೆಗ್ಗಳಿಕೆಗಳು ಎರಡು ಎಂದು ಈ ತನಕ ಎಲ್ಲರೂ ನಂಬಿದ್ದರು. ಒಂದು, ಕಪ್ಪು ಲೋಹದೊಳಗೆ ಬೆಳ್ಳಿ ಕೂಡಿಸುವ ಬಿದ್ರಿ ಕುಸುರಿ. ಇನ್ನೊಂದು, ಹಳೇ ಕಾಲದಲ್ಲಿ ನೆಲದೊಳಗೇ ನೀರು ಹರಿಸಿದ ಸುರಂಗ. ಮೂರನೆಯದು ಇತ್ತೀಚಿನದು. ಔರಾದ ತಾಲೂಕಿನ ಎಕಂಬಾದಲ್ಲಿ ಹುಟ್ಟಿ, ಎರಡು ಗಾಲಿಯ ಮೇಲೆ ಬೆಳೆದು, ಈಗ ಮೂರು ಊರಿನ ಬಾಯಲ್ಲಿ ಓಡಾಡುತ್ತಿರುವ ಸಂಗತಿ ಅದು: ಧೊಂಡಿಬಾನ ಮಗ ಅಮೋಲನ ಬಾಯಿಂದ ‘ಕೆಲಸ’ ಎಂಬ ಶಬ್ದ ಮಾಯವಾಗಿದೆ.

ಅವನು ಆ ಶಬ್ದವನ್ನು ಕೊನೆಯ ಸಲ ಆಡಿದ್ದು ಯಾವಾಗ ಎಂಬ ಬಗ್ಗೆ ಪಂಗಡಗಳಿವೆ. ಎಕಂಬಾದವರ ಪ್ರಕಾರ ಅವನು ಆಡಿದ್ದೇ ಇಲ್ಲ. ಹುಟ್ಟಿದಾಗ ಅತ್ತದ್ದೂ ‘ಗಿಗ್’ ಎಂದೇ. ಬೀದರದವರ ಕಥೆ ಬೇರೆ. ಒಮ್ಮೆ ಅವನಿಗೆ ಜ್ವರ ಬಂದು ಡಾಕ್ಟರು ‘ಎರಡು ದಿನ ಕೆಲಸ ಬಿಡು’ ಎಂದಾಗ, ‘ಅದು ಬಿಟ್ಟು ಎರಡು ವರ್ಷ ಆತ್ರಿ, ಈಗ ಬರೇ ಗಿಗ್’ ಎಂದನಂತೆ. ಡಾಕ್ಟರು ಗುಳಿಗೆ ಬದಲಿಸಿದರಂತೆ. ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರು ಚಹಾ ಮಾರುವ ಬಾಬುಮಿಯಾ ಮಾತ್ರ ಇದೆಲ್ಲ ಸುಳ್ಳು ಎನ್ನುತ್ತಾನೆ. ಅವನ ಪ್ರಕಾರ ಆ ಶಬ್ದದ ಒಳಗೆ ಒಂದು ದೊಡ್ಡ ತತ್ವ ಇದೆ, ಅದನ್ನು ಅಮೋಲ ಯಾರಿಗೂ ಹೇಳಿಲ್ಲ, ಕಾಲ ಬಂದಾಗ ಹೇಳುತ್ತಾನೆ.

ತತ್ವದ ಮಾತು ಹಾಗಿರಲಿ, ಶಬ್ದ ಬಂದ ದಾರಿ ಎಲ್ಲರಿಗೂ ಗೊತ್ತು. ಅಮೋಲ ಕುರಿ ಕಾಯುವ ಮನೆತನದವನು. ಅಪ್ಪನಿಂದ ಡೊಳ್ಳು ಕಲಿತ. ಡಿಗ್ರಿ ಮುಗಿಸಿ ಬೀದರದಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟ ಮುಟ್ಟಿಸಲು ಸೇರಿದಾಗ, ಟೈ ಕಟ್ಟಿಕೊಂಡು ಬಂದ ಒಬ್ಬಾತ ಹುಡುಗರನ್ನೆಲ್ಲ ಕೂರಿಸಿ, ‘ನೀವು ನೌಕರರಲ್ಲ, ಗಿಗ್ ವರ್ಕರ್ಸ್’ ಎಂದು ಮನದಟ್ಟು ಮಾಡಿಸಿದ. ಅದೇ ವಾರ ಒಂದು ಮದುವೆಯಲ್ಲಿ ಅಮೋಲ ಡೊಳ್ಳು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ಹೈದರಾಬಾದಿನಿಂದ ಬಂದ ಆರ್ಕೆಸ್ಟ್ರಾದ ಕೀಬೋರ್ಡಿನವನು ‘ಮುಂದಿನ ಗಿಗ್ ಎಲ್ಲಿ ಬ್ರದರ್?’ ಎಂದು ಕೇಳಿದ. ಬಿರಿಯಾನಿ ಹೊರುವುದಕ್ಕೂ ಡೊಳ್ಳು ಬಾರಿಸುವುದಕ್ಕೂ ಒಂದೇ ಹೆಸರು! ಇಂಥ ಪ್ರಯೋಜನದ ಶಬ್ದವನ್ನು ಬಿಟ್ಟುಕೊಡಲು ಅಮೋಲನೇನು ದಡ್ಡನೇ? ಅಂದಿನಿಂದ ಬೀದರದ ಪಕ್ಕದ ಫ್ಯಾಕ್ಟರಿಗಳ ಊರು ಕೊಳಾರದ ಗೋದಾಮಿನಲ್ಲಿ ಲಾರಿ ಖಾಲಿ ಮಾಡುವುದೂ ಗಿಗ್, ಸಾಲಿ ಮಕ್ಕಳ ಗ್ಯಾದರಿಂಗಿಗೆ ಡೊಳ್ಳು ಕಲಿಸುವುದೂ ಗಿಗ್, ಅಪ್ಪನ ಕುರಿಗಳ ಉಣ್ಣೆ ಕತ್ತರಿಸುವುದೂ ಗಿಗ್. ಕೊನೆಗೆ ಅವನ ತಾಯಿ ಪುತಳಾಬಾಯಿಯೂ, ಗೊಬ್ಬರಕ್ಕೆಂದು ಬೇರೆಯವರ ಹೊಲದಲ್ಲಿ ಕುರಿ ನಿಲ್ಲಿಸಿದ ದಿನ ನೆರೆಯವರಿಗೆ ಠೀವಿಯಿಂದ ಹೇಳತೊಡಗಿದಳು: ‘ನಮ್ಮ ಕುರಿಗೋಳು ಇವತ್ತ ಗಿಗ್ಗಿಗೆ ಹೋಗ್ಯಾವ.’

ಇಂಥ ವೀರನಿಗೂ ದಕ್ಕದ ಒಂದು ಕೋಟೆ ಇತ್ತು. ಬೀದರದ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೂರುವ ಮಲ್ಲೇಶ್ವರಿಗೂ ಅವನಿಗೂ ಮನಸ್ಸು ಕೂಡಿತ್ತು. ಆಕೆಯ ಸೂಜಿಗೆ ಹೆದರದೆ ನಕ್ಕ ಮೊದಲ ಗಂಡಸು ಅವನೇ ಎಂದು ಹೇಳುತ್ತಾರೆ. ಒಂದೇ ಜಾತಿ, ಎರಡೂ ಮನೆಯಲ್ಲಿ ಖಾನಾಪುರದ ಮೈಲಾರ ಮಲ್ಲಣ್ಣನೇ ದೇವರು. ಅಡ್ಡ ನಿಂತದ್ದು ಆಕೆಯ ಅಪ್ಪ ಓಂಪ್ರಕಾಶರ ಒಂದೇ ಒಂದು ಶಬ್ದ: ‘ಕಾಯಂ’.

ಓಂಪ್ರಕಾಶರು ಕೊಳಾರದ ಒಂದು ಫ್ಯಾಕ್ಟರಿಯಲ್ಲಿ ಕಾಯಂ ಆಪರೇಟರು. ಹುಡುಗನಿದ್ದಾಗಲೇ ಅಪ್ಪನ ಡೊಳ್ಳನ್ನೂ ಕುರಿಯನ್ನೂ ಬಿಟ್ಟು ಬಂದು ಒಂದೇ ಯಂತ್ರದ ಮುಂದೆ ನಿಂತವರು. ಇನ್ನೂ ಅದರ ಮುಂದೆಯೇ ಇದ್ದಾರೆ. ಕೊರಳಿನ ಗುರುತಿನ ಚೀಟಿಯನ್ನು ಆದಿತ್ಯವಾರವೂ ತೆಗೆಯುವುದಿಲ್ಲ. ಮುಂಚೆ ಅರ್ಜಿ ಕೊಡದೆ ಒಂದು ದಿನವೂ ಸುಟ್ಟಿ ಮಾಡಿದವರಲ್ಲ.

‘ಇವತ್ತ ಊಟ ಹೊರ್ತಾನ, ನಾಳಿ ಡೊಳ್ಳು ಹೊರ್ತಾನ. ನಾಡದು ನಿನ್ನ ಹೊರ್ತಾನೇನು?’ ಎಂದರು ಮಗಳಿಗೆ.

‘ನೀವು ಒಂದ ದಿನ ಅವನ ಗಾಡಿ ಹಿಂದ ಕೂಡ್ರಿ ಅಪ್ಪಾ. ಪೂರಾ ದಿನ ನೋಡ್ರಿ. ಸಂಜಿಗಿ ನೀವು ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೇನಿ.’

‘ಖರೇ?’

‘ಖರೇ. ಆದ್ರ ಹೂಂ ಅಂದ್ರ ಮತ್ತ ತಿರಗಬಾರ್ದು.’

ಹೀಗೆ ಮಲ್ಲೇಶ್ವರಿಯ ಮದುವೆ ಒಂದು ಬೈಕಿನ ಹಿಂದಿನ ಸೀಟಿಗೆ ಬಂದು ನಿಂತಿತು.

ಮಾರ್ಚಿನ ಒಂದು ಆದಿತ್ಯವಾರ ಬೆಳಿಗ್ಗೆ ಓಂಪ್ರಕಾಶರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಟಿಫಿನ್ ಡಬ್ಬಿ ಹಿಡಿದು, ಶತ್ರುವಿನ ಕುದುರೆ ಏರಿದ ಸೇನಾಪತಿಯ ಹಾಗೆ ಬೈಕ್ ಏರಿದರು. ಮೊದಲ ಗಿಗ್ ಹಳೇ ಊರಿನ ಓಣಿಗಳಲ್ಲಿ ನಾಷ್ಟಾ ಮುಟ್ಟಿಸುವುದು. ಮಹಮೂದಾ ಬೇಗಂ ಎಂಬ ಮುದುಕಿ ಇಡ್ಲಿ ಪೊಟ್ಟಣ ತೆಗೆದುಕೊಂಡು ಅಮೋಲನನ್ನು ಬಿಡಲೇ ಇಲ್ಲ. ಗ್ಯಾಸಿನ ಸಿಲಿಂಡರು ಬದಲಿಸಿ ಕೊಟ್ಟೇ ಹೋಗಬೇಕಾಯಿತು.

‘ಇದೂ ಗಿಗ್ಗೇನು?’ ಓಂಪ್ರಕಾಶರು ಮೂಗು ಮುರಿದರು.

‘ಅಲ್ಲರಿ ಮಾಮಾ. ಅವ್ರ ಮನಿ ತಂಪದ. ಒಂದ ಗಳಗಿ ನಿಂತಂಗಾತು.’

‘ಮಾಮಾ ಅನಬ್ಯಾಡ. ಇನ್ನಾ ಏನೂ ಆಗಿಲ್ಲ.’

‘ಆತ್ರಿ ಮಾಮಾ.’

ಎರಡನೆಯ ಗಿಗ್ ಭಾಲ್ಕಿಯಲ್ಲಿ, ಬೇಳೆ ವ್ಯಾಪಾರಿ ಶಿವರಾಜಪ್ಪನವರ ಮಗನ ಮದುವೆಯ ಮೆರವಣಿಗೆಗೆ ಡೊಳ್ಳು. ದಾರಿಯಲ್ಲಿ ಬಾಬುಮಿಯಾನ ಅಂಗಡಿಯ ಮುಂದೆ ನಿಂತಾಗ, ಅವನು ಗಿರಾಕಿಗಳೆದುರು ಓಂಪ್ರಕಾಶರನ್ನು ಅಡಿಯಿಂದ ಮುಡಿಯ ತನಕ ನೋಡಿ, ‘ಇವ್ರು ಯಾರು ಅಮೋಲ್, ನಿನ್ನ ಮ್ಯಾನೇಜರಾ?’ ಎಂದ.

‘ಪರೀಕ್ಷಾ ತಗೊಳ್ಳಾಕ ಬಂದಾರ,’ ಎಂದ ಅಮೋಲ.

‘ಹಾಗಿದ್ರ ಚಹಾ ಫುಕಟ್. ಪಾಸ್ ಮಾಡ್ರಿ ಸಾಬ್, ಗರೀಬ ಹುಡುಗ.’

ಓಂಪ್ರಕಾಶರು ಜೇಬಿಗೆ ಕೈ ಹಾಕಿ ಚಹಾದ ದುಡ್ಡನ್ನು ಹಲಗೆಯ ಮೇಲೆ ಇಟ್ಟರು. ಲಂಚ ಮುಟ್ಟುವವರಲ್ಲ.

ಇಲ್ಲಿ ಭಂಡಾರದ ಬಗ್ಗೆ ಒಂದು ಮಾತು ಹೇಳಬೇಕು. ಭಂಡಾರವೆಂದರೆ ಮೈಲಾರ ಮಲ್ಲಣ್ಣನ ಅರಿಶಿನ ಪುಡಿ. ಡೊಳ್ಳಿನವರಿಗೆ ಅದೇ ಕರಾರು, ಅದೇ ಸಹಿ. ಡೊಳ್ಳು ಹೆಗಲಿಗೇರುವ ಮುಂಚೆ ಆ ಮನೆಯ ಹಿರಿಯ ಹೆಂಗಸು ಸಾಲಾಗಿ ನಿಂತವರ ಹಣೆಗೆ ಭಂಡಾರ ಬಳಿಯುತ್ತಾಳೆ. ಬಳಿಸಿಕೊಂಡವನು ಬಾರಿಸದೆ ಹೋಗುವಂತಿಲ್ಲ, ಒರೆಸಿಕೊಳ್ಳುವುದಂತೂ ಊಹಿಸುವ ಮಾತಲ್ಲ. ಕುರಿ ಬಿಟ್ಟವರಿಗೂ, ಡೊಳ್ಳು ಬಿಟ್ಟವರಿಗೂ, ಕಾಯಂ ಆದವರಿಗೂ ಈ ನಿಯಮದಿಂದ ಬಿಡುಗಡೆ ಇಲ್ಲ.

ಶಿವರಾಜಪ್ಪನವರ ಮನೆಯ ಮುಂದೆ, ಡೊಳ್ಳುಗಳನ್ನು ಹೊತ್ತು ಮುಂಚೆಯೇ ಬಂದಿದ್ದ ಅಮೋಲನ ಮೇಳ ಸಾಲು ಕಟ್ಟಿತು. ಮೇಳದ ಒಬ್ಬ ಮುಖ ತೊಳೆಯಲು ನಳದ ಕಡೆ ಹೋದ. ಅಮೋಲ ತನ್ನ ಡೊಳ್ಳಿನ ಹಗ್ಗ ಬಿಗಿಯುತ್ತ, ‘ಮಾಮಾ, ಅವನ ಡೊಳ್ಳು ಜರಾ ಹಿಡೀರಿ, ನೆಲಕ್ಕ ಇಡಬಾರ್ದು’ ಎಂದ. ಓಂಪ್ರಕಾಶರು ಟಿಫಿನ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಡೊಳ್ಳು ಹಿಡಿದರು. ಅಷ್ಟರಲ್ಲಿ ಶಿವರಾಜಪ್ಪನವರ ತಾಯಿ ಸುಮಿತ್ರಾಬಾಯಿ ಭಂಡಾರದ ತಟ್ಟೆ ಹಿಡಿದು ಹೊರಗೆ ಬಂದರು. ಕಣ್ಣಿಗೆ ಪೊರೆ. ಡೊಳ್ಳು ಕಂಡಲ್ಲೆಲ್ಲ ಕೈ ಹೋಗುತ್ತಿತ್ತು. ಓಂಪ್ರಕಾಶರ ಮುಂದೆ ಬಂದಾಗ, ಕೂದಲು ಹಿಂದೆ ಸರಿದು ಮೈದಾನದಂತಾಗಿದ್ದ ಆ ಹಣೆಯನ್ನು ಕಂಡು ಅಜ್ಜಿಗೆ ಹಿಗ್ಗೇ ಹಿಗ್ಗು.

‘ಹಣಿ ಅಂದ್ರ ಹಿಂಗಿರಬೇಕು ನೋಡು!’ ಎನ್ನುತ್ತ ಒಂದು ಹಿಡಿ ಬಳಿದೇ ಬಿಟ್ಟರು.

ಓಂಪ್ರಕಾಶರ ಮುಖ ಬಿಳಿಯಾಯಿತು, ಆದರೆ ಭಂಡಾರದಿಂದಾಗಿ ಅದು ಯಾರಿಗೂ ಕಾಣಲಿಲ್ಲ.

‘ಅವ್ವಾ, ನಾ ಮೇಳದಾಂವ ಅಲ್ಲರಿ. ನಾ ಕಾಯಂ ನೌಕರಿ ಮಾಡಾಂವ.’

‘ಮಾಡಪ್ಪ, ಯಾರ ಬ್ಯಾಡ ಅಂದಾರ? ಮೊದಲ ಬಾರಸು, ಆಮ್ಯಾಲ ಮಾಡು.’

‘ರೂಢಿ ತಪ್ಪೇದರಿ.’

‘ನನ್ನ ಮಮ್ಮಗನ ಲಗ್ನ ಹೊಸ್ತಿಲದಾಗ ನಿಂತದ, ನೀ ರೂಢಿ ಅಂತೀ!’ ಅಜ್ಜಿ ಮುಂದಿನ ಹಣೆಗೆ ನಡೆದಾಗಿತ್ತು.

ಓಂಪ್ರಕಾಶರು ಅಮೋಲನ ಕಡೆ ನೋಡಿದರು. ಅಮೋಲ ಆಕಾಶದ ಕಡೆ ನೋಡಿದ. ನಳದಿಂದ ಬಂದವನು ಪರಿಸ್ಥಿತಿ ಅರಿತು, ತುಟಿ ಪಿಟಕ್ಕೆನ್ನದೆ ತಾಳ ಎತ್ತಿಕೊಂಡ.

ಮೊದಲ ಪೆಟ್ಟು ಮೆರವಣಿಗೆಗಿಂತ ಹಿಂದೆ ಬಿತ್ತು. ಎರಡನೆಯದು ಮುಂದೆ ಬಿತ್ತು. ಸ್ಟೇಷನ್ ರಸ್ತೆಗೆ ಹೊರಳುವ ಹೊತ್ತಿಗೆ ಒಂದು ವಿಚಿತ್ರ ನಡೆಯಿತು: ಓಂಪ್ರಕಾಶರ ಅಪ್ಪನ ಕೈ ಓಂಪ್ರಕಾಶರ ಕೈಯೊಳಗೆ ಬಂದು ಕೂತಿತು. ಇಷ್ಟು ವರ್ಷ ಯಂತ್ರದ ಗುಂಡಿ ಒತ್ತಿದ ಬೆರಳುಗಳು ಎಲ್ಲಿ ಅಡಗಿಸಿಟ್ಟಿದ್ದವೋ, ಹಳೆಯ ಪೆಟ್ಟುಗಳು ಒಂದರ ಹಿಂದೆ ಒಂದು ಹೊರಬಿದ್ದವು. ಗುರುತಿನ ಚೀಟಿ ಡೊಳ್ಳಿನ ಮೇಲೆ ಕುಣಿಯಿತು. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು. ಕಬ್ಬು ಹೇರಿದ ಟ್ರ್ಯಾಕ್ಟರೊಂದು ದಾರಿ ಬಿಡೆಂದು ಹಾರ್ನ್ ಹೊಡೆಯಿತು. ಅವರು ಅದಕ್ಕೂ ಒಂದು ಪೆಟ್ಟು ಸೇರಿಸಿ ಲಯಕ್ಕೆ ಹೊಂದಿಸಿಕೊಂಡರು. ಮದುಮಗ ಕುದುರೆಯ ಮೇಲೆ ತಾನೇ ಕುಣಿಯಬೇಕೋ ಕುದುರೆ ಕುಣಿಯಬೇಕೋ ತಿಳಿಯದೆ ಒದ್ದಾಡಿದ. ಮೇಳದವರು ಸುತ್ತುಗಟ್ಟಿ ನಡುವೆ ಅವರನ್ನೇ ಬಿಟ್ಟರು.

‘ಹೋಯ್ ಕಾಯಂ ಕಾಕಾ!’ ಎಂದು ಯಾರೋ ಕೂಗಿದರು. ಓಂಪ್ರಕಾಶರು ಸಿಟ್ಟಾಗಲಿಲ್ಲ, ಇನ್ನೊಂದು ಸುತ್ತು ತಿರುಗಿದರು.

ಅಕ್ಷತೆ ಮುಗಿದು ಊಟಕ್ಕೆ ಕೂತಾಗ ಸುಮಿತ್ರಾಬಾಯಿ ಹುಡುಕಿಕೊಂಡು ಬಂದರು. ‘ಆ ದೊಡ್ಡ ಹಣಿಯವ ಎಲ್ಲಿದ್ದಾನ? ಕೇಳಪ್ಪಾ, ಬರೋ ತಿಂಗಳು ನಮ್ಮ ಮಮ್ಮಗಳ ಲಗ್ನ ಅದ, ಬುಧವಾರ. ನೀನ ಬರಬೇಕು. ಬೇರೆ ಯಾರೂ ಬ್ಯಾಡ. ಬರ್ತೀ ಅಲ್ಲ?’

‘ಬರ್ತೇನ್ರಿ ಅವ್ವಾ,’ ಎಂದರು ಓಂಪ್ರಕಾಶರು, ಬಾಯಲ್ಲಿ ಹೋಳಿಗೆ ಇತ್ತು. ಅಜ್ಜಿ ಸೆರಗಿನ ಗಂಟಿನಿಂದ ಚಿಟಿಕೆ ಭಂಡಾರ ತೆಗೆದು, ಆಗಲೇ ಹಳದಿಯಾಗಿದ್ದ ಹಣೆಗೆ ಮತ್ತೊಂದು ಪದರ ಹಚ್ಚಿ ಹೋದರು. ಹೋಳಿಗೆ ಗಂಟಲಿಗಿಳಿದ ಮೇಲೆ ಓಂಪ್ರಕಾಶರಿಗೆ ಬುಧವಾರ ಎಂಬ ಶಬ್ದದ ಅರ್ಥ ಹೊಳೆಯಿತು. ಬುಧವಾರ ಫ್ಯಾಕ್ಟರಿ ಇರುತ್ತದೆ.

ಎಕಂಬಾದ ದಾರಿಯಲ್ಲಿ ತೊಗರಿ ಕಟಾವಾದ ಹೊಲಗಳು ಎರಡೂ ಬದಿ ಹಿಂದೆ ಸರಿದವು.

‘ಬುಧವಾರಕ್ಕ ಸುಟ್ಟಿ ಹ್ಯಾಂಗ ಕೇಳ್ಲಿ?’ ಎಂದರು ಓಂಪ್ರಕಾಶರು ಹಿಂದಿನ ಸೀಟಿನಿಂದ. ‘ಕಾರಣ ಏನ ಹೇಳ್ಲಿ?’

‘ಇದ್ದದ್ದು ಹೇಳ್ರಿ.’

‘ಇದ್ದದ್ದು ಹೇಳಿದ್ರ ನಗ್ತಾರ.’

‘ನಗ್ಲಿ ಬಿಡ್ರಿ ಮಾಮಾ. ಸುಟ್ಟಿ ಅಂತೂ ಕೊಡ್ತಾರ.’

ಈ ಸಲ ‘ಮಾಮಾ’ ಎಂಬುದಕ್ಕೆ ತಕರಾರು ಬರಲಿಲ್ಲ.

ಮೂರನೆಯ ಗಿಗ್ಗಿನಲ್ಲಿ ಬಾರಿಸುವುದೂ ಇರಲಿಲ್ಲ, ಹೊರುವುದೂ ಇರಲಿಲ್ಲ. ಇಳಿಹೊತ್ತಿನಲ್ಲಿ ಅಪ್ಪ ಧೊಂಡಿಬಾನ ಕುರಿಗಳನ್ನು ಹೊಸ ಹೊಲಕ್ಕೆ ದಾಟಿಸಿ, ಸುತ್ತ ಬಲೆ ಕಟ್ಟಿ ಕೂರಬೇಕು, ಅಷ್ಟೇ. ಓಂಪ್ರಕಾಶರು ಯಾರೂ ಹೇಳದೆ ಚಪ್ಪಲಿ ಕಳಚಿ, ಬೇರೆ ದಾರಿ ಹಿಡಿದಿದ್ದ ಒಂದು ಟಗರನ್ನು ಹಳೆಯ ಸಿಳ್ಳೆ ಹಾಕಿ ತಿರುಗಿಸಿದರು. ಪುತಳಾಬಾಯಿ ಸೊಂಟಕ್ಕೆ ಕೈ ಇಟ್ಟು ನೋಡುತ್ತಿದ್ದಳು.

‘ಬೀಗ್ರ, ನಿಮಗೂ ಗಿಗ್ ಬರ್ತದಲ್ಲ!’

‘ಬೀಗ್ರು ಅನಬ್ಯಾಡ್ರಿ, ಇನ್ನಾ...’ ಎಂದು ಶುರು ಮಾಡಿದವರು ತಡೆದರು. ಹಣೆ ಮುಟ್ಟಿಕೊಂಡರು. ಬೆರಳು ಹಳದಿಯಾಯಿತು. ಅಂಗೈಯ ಬೊಬ್ಬೆಗಳನ್ನು ಒಂದು ಸಲ ನೋಡಿಕೊಂಡರು. ಆಮೇಲೆ ಫೋನ್ ತೆಗೆದು ಮಗಳಿಗೆ ‘ಹೂಂ’ ಎಂದು ಒಂದೇ ಮಾತು ಹೇಳಿ ಇಟ್ಟರು. ಆ ಕಡೆಯ ಕಿರುಚಾಟ ಫೋನಿಲ್ಲದೆಯೂ ಕೇಳುವಷ್ಟಿತ್ತು.

ಈಗ ಅವರು ಅಮೋಲನ ಎದುರು ಬಂದು ನಿಂತರು. ಗಂಟಲು ಸರಿಮಾಡಿಕೊಂಡರು. ಕುರಿಗಳೂ ಮೇಯುವುದು ನಿಲ್ಲಿಸಿ ತಲೆ ಎತ್ತಿದವು ಎಂದು ಪುತಳಾಬಾಯಿ ಇವತ್ತಿಗೂ ಹೇಳುತ್ತಾಳೆ.

‘ಹುಡುಗಿ ಕೊಟ್ಟೆ. ಅದರಾಗ ಎರಡ ಮಾತಿಲ್ಲ. ಆದ್ರ ನಾಳಿ ಕೊಳಾರದಾಗ ಎಲ್ಲಾರೂ ಕೇಳ್ತಾರ, ಅಳಿಯ ಏನ ಮಾಡ್ತಾನ ಅಂತ. ನಾ ಗಿಗ್ ಅಂತ ಹೇಳಬೇಕಂದ್ರ ನನಗ ಅದು ತಿಳೀಬೇಕು. ಮುಂಜಾನಿಯಿಂದ ನೋಡ್ಲಾಕತ್ತೇನಿ, ಇದರಾಗ ಏನೋ ದೊಡ್ಡ ವಿಚಾರ ಅದ. ಯಾರ ಕೈ ಕೆಳಗೂ ಇರಬಾರ್ದು ಅಂತನೋ, ಎಲ್ಲಾ ಕೆಲಸನೂ ಒಂದ ಅಂತನೋ, ಏನೋ ಅದ. ಮುಚ್ಚಿಡಬ್ಯಾಡ. ನೀ ಯಾಕ ಎಲ್ಲಾದಕ್ಕೂ ಗಿಗ್ ಅಂತೀ?’

ಅಮೋಲ ಬಲೆಯ ಕೊನೆಯ ಗೂಟ ಬಡಿದು ಮುಗಿಸಿ, ಕೈ ಝಾಡಿಸಿಕೊಂಡ.

‘ಏನಿಲ್ಲರಿ ಮಾಮಾ. ಕೆಲಸ ಅಂದ್ರ ಮಂದಿ ಪಗಾರ ಎಷ್ಟು ಅಂತ ಕೇಳ್ತಾರ. ಗಿಗ್ ಅಂದ್ರ ತಿಳೀಲಾರ್ದ ಸುಮ್ಮ ಆಗ್ತಾರ.’